ಖಾಲಿ ಮನೆಯ ಸದ್ದು

ಇವತ್ತು ಸೋಮವಾರದ ಉಪವಾಸ ಕಣ್ರಮ್ಮ. ಅಂಗಳ ಸಾರಿಸಿ ದೀಪ ಹಚ್ಚುವಷ್ಟರಲ್ಲಿ ರೆಕಾರ್ಡಿಂಗ್ ಮಾಡುವ ಕಿರಣ ಸದಾಶಿವನಗರದಿಂದ ಗೂಳೂರಿನ ನಮ್ಮ ಮನೆಗೆ ಮೈಕು ಹೊತ್ತು ಬಂದ. ನನ್ನ ಭಜನೆ ಪದ ಮುಗಿದ ಮೇಲೆ, "ಈಗ ಎಲ್ರೂ ಒಂದ್ನಿಮಿಷ ಸುಮ್ನಿರಿ ಅಕ್ಕ, ಖಾಲಿ ಮನೆ ಸದ್ದು ಬೇಕು" ಅಂದ.

"ಖಾಲಿ ಮನೇನೂ ಹಾಡ್ತದೇನಪ್ಪ?"

"ಹಾಡಲ್ಲಿ ಎಲ್ಲಾದ್ರೂ ಕತ್ತರಿಸಿದ್ರೆ ಅಲ್ಲಿಗೆ ತೇಪೆ ಹಾಕಕ್ಕೆ ಕಣಕ್ಕ."

ಸುಮ್ಮನಾದೆವು. ಅವನು ಹುಬ್ಬು ಗಂಟಿಕ್ಕಿದ. "ಯಾರೋ ಗುನುಗ್ತಾವ್ರೆ. ನಿಮ್ ಹಾಡಿನ ಕೆಳಗೂ ಐತೆ" ಎಂದು ಹೆಡ್‌ಫೋನ್ ನನ್ನ ಕಿವಿಗೆ ಹಾಕಿದ.

ಒಳಕೋಣೆಯಲ್ಲಿ ಮಲಗಿರುವ ನಮ್ಮತ್ತೆ! ಈ ಪದ ನನಗೆ ಕಲಿಸಿದವರೇ ಅವರು. ಲಕ್ವ ಹೊಡೆದ ಮೇಲೆ ಒಂದು ಮಾತೂ ಆಡಿಲ್ಲ. ಬರಿಗಿವಿಗೆ ಕೇಳಿಸದಷ್ಟು ಸಣ್ಣಗೆ ಅದೇ ರಾಗ ಎಳೆಯುತ್ತಿದ್ದರು. ಶಿವನೇ ಎಂದು ಕೈಮುಗಿದು ಕೂತುಬಿಟ್ಟೆ.

"ಈ ಗುನುಗು ತೆಗೀಲಾ, ಬಿಡ್ಲಾ? ಸಂಜೆ ಒಳಗೆ ಹೇಳಿ" ಎಂದು ಕೇಳಿದ. ನಾನು ಹೆಡ್‌ಫೋನ್ ಕಿತ್ತಿಟ್ಟು ಅತ್ತೆಯ ಹತ್ತಿರ ಓಡಿದೆ. ಅವನು ಹೋದ.

ಈಗ ಕೆಲಸಕ್ಕೆ ಕೂತಿರಬೇಕು, ಫೋನ್ ಎತ್ತುತ್ತಿಲ್ಲ. ಸದಾಶಿವನಗರದವರು ಯಾರಾದರೂ ಇದ್ದರೆ ಸಂಜೆ ಒಳಗೆ ನನ್ನ ಈ ಉತ್ತರ ಅವನಿಗೆ ಮುಟ್ಟಿಸಿ: ತೆಗೆಯಲೇಬೇಕು ಅಂದರೆ ನನ್ನ ದನಿ ತೆಗೆಯಲಿ.