ಅತ್ತಿಗೆಯ ಕೆನ್ನೆ

ನಮ್ಮ ಅತ್ತಿಗೆ ದಿನೇ ದಿನೇ ತೆಳ್ಳಗಾಗುತ್ತಿದ್ದಾಗ ಬೀದಿಗೆ ಬೀದಿಯೇ ಅವಳನ್ನು ಹೊಗಳಿತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಒಬ್ಬರಾದರೂ, ಏನಮ್ಮಾ, ಹುಷಾರಾಗಿದ್ದೀಯಾ ಎಂದು ಕೇಳಬೇಡವೇ? ಕೇಳಲಿಲ್ಲ. "ಎಷ್ಟು ಚೆನ್ನಾಗಿ ಕಾಣ್ತಿದೀಯ" ಎಂದರು. ಆ ಮಾತು ಕಿವಿಗೆ ಬಿದ್ದಷ್ಟೂ ಅವಳು ಸಾವಿನ ಕಡೆಗೆ ಸರಿಯುತ್ತಿದ್ದಳು, ಅದೂ ನಗುನಗುತ್ತಾ.

ಅವಳು ನನ್ನ ಅಣ್ಣನ ಹೆಂಡತಿ, ನಾನು ಅವಳ ನಾದಿನಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ಅತ್ತಿಗೆ ಎನ್ನುವುದು ಕರೆಯುವುದಕ್ಕಷ್ಟೇ. ಉಳಿದ ಮಾತು, ಜಗಳ, ಎಲ್ಲ ಏಕವಚನದಲ್ಲೇ. ಅಣ್ಣನದು ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಕೌಂಟರು, ಜೆರಾಕ್ಸ್ ಮೆಷಿನ್ನು, ಲ್ಯಾಮಿನೇಶನ್ನು ಮತ್ತು ನಾನು. ನೀಲಿ ಪರದೆಯ ಹಿಂದೆ ಫೋಟೋ ತೆಗೆಯುವ ಕೋಣೆ. ಅಲ್ಲೊಂದು ಸ್ಟೂಲು, ಕೊಡೆಯಂಥ ದೀಪಗಳು, ಗೋಡೆಗೆ ಕನ್ನಡಿ, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ. ಕಟ್ಟದಿದ್ದರೆ ಜನ ಅದನ್ನೂ ಜೇಬಿಗಿಳಿಸಿಕೊಂಡು ಹೋಗುತ್ತಾರೆ. ಅದೇ ಕೋಣೆಯ ಮೂಲೆಯಲ್ಲಿ ಕಂಪ್ಯೂಟರು. ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಅತ್ತಿಗೆ.

ಅಣ್ಣ ತೆಗೆದ ಮುಖಗಳನ್ನು ತಿದ್ದುವುದು ಅವಳ ಕೆಲಸ. ಮೊಡವೆ ಒರೆಸುತ್ತಾಳೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತಾಳೆ. ಆದರೆ ಬರುವವರೆಲ್ಲ ಕೊನೆಗೆ ಕೇಳುವುದು ಒಂದೇ: "ಕೆನ್ನೆ ಸ್ವಲ್ಪ ಇಳಿಸಿ ಮೇಡಂ." ಇನ್ನು ಕೆಲವರು ಬರುತ್ತಾರೆ, ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಾರೆ, ಕೈಯಲ್ಲಿ ಒಂದು ಹಳೆಯ ಫೋಟೋ. ದೊಡ್ಡದು ಮಾಡಿ ಫ್ರೇಮು ಹಾಕಿಸಬೇಕು. ಅವರು ಕೇಳುವುದು ಇದಕ್ಕೆ ತಿರುಗಾಮುರುಗಾ: "ಕಡೆಗಾಲದಲ್ಲಿ ಇಳಿದುಹೋಗಿದ್ರು, ಕೆನ್ನೆ ಸ್ವಲ್ಪ ತುಂಬಿಸಿ ಕೊಡಿ."

"ಬದುಕಿರೋರಿಗೆ ಇಳಿಸ್ಬೇಕು, ಹೋದೋರಿಗೆ ತುಂಬಿಸ್ಬೇಕು. ಒಬ್ಬರ ಮಾಂಸ ತೆಗೆದು ಇನ್ನೊಬ್ಬರಿಗೆ ಹಚ್ಚೋ ಕೆಲಸ ನಂದು" ಎಂದು ಅತ್ತಿಗೆ ನಗಾಡುತ್ತಿದ್ದಳು. ನಾನೂ ನಗುತ್ತಿದ್ದೆ.

ಅಂಗಡಿಯ ಷೋಕೇಸಿನಲ್ಲಿ, ಎಲ್ಲಕ್ಕಿಂತ ಮುಂದೆ, ಅವಳದೇ ದೊಡ್ಡ ಫೋಟೋ ಇತ್ತು. ಮದುವೆಗೆ ಮುಂಚಿನದು. ಪಾಸ್‌ಪೋರ್ಟ್ ಸೈಜು ಬೇಕೆಂದು ಬಂದವಳನ್ನು ಅಣ್ಣ ಗಲ್ಲಕ್ಕೆ ಕೈಕೊಟ್ಟು ಕೂರಿಸಿ ತೆಗೆದದ್ದು. ಪಾಸ್‌ಪೋರ್ಟಿಗೆ ಯಾರಾದರೂ ಗಲ್ಲಕ್ಕೆ ಕೈ ಕೊಡುತ್ತಾರೆಯೇ? ಆಗಲೇ ನಮಗೆ ಗೊತ್ತಾಗಬೇಕಿತ್ತು. ತೆಳ್ಳನೆ ಮುಖ, ಚೂಪಾದ ಗಲ್ಲ. ಆ ಫೋಟೋ ನೋಡಿಯೇ ಒಳಗೆ ಬಂದ ಗಿರಾಕಿಗಳು ಬೇಕಾದಷ್ಟು.

ಆಮೇಲೆ ಅವಳಿಗೆ ಕೆಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಧೂಳು, ಹವೆ, ಪ್ರಿಂಟರಿನ ಇಂಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾಗಲೇ ಅವಳು ಒಂದು ದಿನ ಮಾತಾಡುತ್ತಾ ಮಾತಾಡುತ್ತಾ ಉಸಿರು ಸಾಲದೆ ನಿಂತುಬಿಟ್ಟಳು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು: "ನಿಮ್ಮ ಮೈಯೇ ನಿಮ್ಮ ಶ್ವಾಸಕೋಶದ ಮೇಲೆ ಜಗಳಕ್ಕೆ ನಿಂತಿದೆ. ಈ ಸ್ಟಿರಾಯ್ಡ್ ಮಾತ್ರೆ ಅದನ್ನ ತಡೀತಾ ಇರುತ್ತೆ. ಮುಖ ಊದ್ಕೊಳ್ಳುತ್ತೆ, ಹಸಿವು ಜಾಸ್ತಿ ಆಗುತ್ತೆ, ದಪ್ಪ ಆಗ್ತೀರ. ಏನೇ ಆಗ್ಲಿ, ನೀವಾಗಿ ನೀವೇ ನಿಲ್ಲಿಸ್ಬೇಡಿ. ಕಡಿಮೆ ಮಾಡೋದಿದ್ರೆ ನಾನೇ ಮಾಡ್ತೀನಿ."

ಉಸಿರು ಸರಿಹೋಯಿತು. ಡಾಕ್ಟರಮ್ಮ ಹೇಳಿದ ಉಳಿದದ್ದೂ ಒಂದೂ ತಪ್ಪದಂತೆ ಆಯಿತು. ಕೆನ್ನೆಗಳು ತುಂಬಿ ಕಣ್ಣು ಸಣ್ಣಗಾದವು. ಚೂಪು ಗಲ್ಲ ಎಲ್ಲಿ ಹೋಯಿತೋ. ಕತ್ತಿನ ಹಿಂದೆ ದಪ್ಪನೆ ಒಂದು ಗಡ್ಡೆ ಕೂತಂತೆ ಕಾಣುತ್ತಿತ್ತು. ರವಿಕೆಗಳ ಹೊಲಿಗೆ ಬಿಚ್ಚಿ ಬಿಚ್ಚಿ, ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ. ನಮ್ಮಮ್ಮ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದಳು: "ಬಾಯಿಗೆ ಸ್ವಲ್ಪ ಬೀಗ ಹಾಕಮ್ಮಾ." ಅತ್ತಿಗೆ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ಮಾತ್ರೆ ತರುವ ಹಸಿವು ಎಂಥದೆಂದು ನಮ್ಮಮ್ಮನಿಗೇನು ಗೊತ್ತು!

ಅಂಗಡಿಯಲ್ಲಿ ಇನ್ನೊಂದು ಕಾಟ. ಗಿರಾಕಿಗಳು ಷೋಕೇಸು ನೋಡುತ್ತಾರೆ, ಒಳಗೆ ಬಂದು ಇವಳನ್ನು ನೋಡುತ್ತಾರೆ. "ಹೊರಗಿರೋದು ನಿಮ್ಮ ತಂಗಿದಾ?" ಎಂದು ಕೇಳುತ್ತಾರೆ. ಒಂದೆರಡು ಸಲ ಅವಳು, ನಾನೇ ಎಂದಳು. ಅವರ ಮುಖದಲ್ಲಿ ಏನು ಕಂಡಳೋ, ಆಮೇಲಿನಿಂದ, ಹೌದು, ತಂಗಿ ಎನ್ನತೊಡಗಿದಳು. ನನಗೆ ಎದ್ದು ಹೋಗಿ ಆ ಗಾಜಿಗೆ ಕಲ್ಲು ಹೊಡೆಯಬೇಕೆನ್ನಿಸುತ್ತಿತ್ತು.

ಇದೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಬಂದದ್ದು ಮಗಳ ಬಾಯಿಂದ. ನಮ್ಮ ಗುಬ್ಬಿ ಆಗ ಹೈಸ್ಕೂಲಿಗೆ ಸೇರಿದ್ದಳು. ಶಾಲೆಯಲ್ಲಿ ಪೋಷಕರ ಮೀಟಿಂಗು. ಅತ್ತಿಗೆ ಸೀರೆ ಉಟ್ಟು ತಯಾರಾಗಿ ನಿಂತರೆ, ಗುಬ್ಬಿ ಷೂ ದಾರ ಕಟ್ಟುತ್ತಾ ತಲೆ ಎತ್ತದೆ ಹೇಳಿದಳು: "ಅಪ್ಪ ಒಬ್ಬರೇ ಬರ್ಲಿ, ಸಾಕು."

ಅತ್ತಿಗೆ ಸೆರಗಿನ ಪಿನ್ನು ಬಿಚ್ಚಿದಳು. ಒಳಗೆ ಹೋಗಿ ಸೀರೆ ಬದಲಾಯಿಸಿ ಅಂಗಡಿಗೆ ಬಂದಳು. ಆ ದಿನದ ಮಾತ್ರೆ ಅವಳ ಬಾಯಿಗೆ ಹೋಗಲಿಲ್ಲ.

ರೀಲಿನ ಕಾಲದ ಖಾಲಿ ಫಿಲಂ ಡಬ್ಬಿಗಳು ನಮ್ಮ ಅಂಗಡಿಯ ಡ್ರಾಯರುಗಳಲ್ಲಿ ಇನ್ನೂ ಇವೆ, ಕರಿ ಪ್ಲಾಸ್ಟಿಕ್ಕಿನವು. ಪಿನ್ನು, ಗುಂಡಿ, ಚಿಲ್ಲರೆ ಸಾಮಾನು ಹಾಕಿಡುತ್ತೇವೆ. ಅಂಥದೊಂದು ಡಬ್ಬಿಯಲ್ಲಿ ಅವಳು ಮೊದಲು ಅರ್ಧರ್ಧ ಮಾತ್ರೆ ಹಾಕಿಟ್ಟಳು, ಆಮೇಲೆ ದಿನ ಬಿಟ್ಟು ದಿನ ಇಡೀ ಮಾತ್ರೆ, ಆಮೇಲೆ ದಿನವೂ. "ತಿಂಡಿ ಆದ್ಮೇಲೆ ಅಂಗಡೀಲೇ ತಗೋತೀನಿ" ಎಂದು ಎಲ್ಲರೆದುರಿಗೇ ಮಾತ್ರೆ ಬಿಡಿಸಿಕೊಂಡು ಬರುತ್ತಿದ್ದಳು. ಅಣ್ಣ ಖಾಲಿಯಾದ ಪಟ್ಟಿ ನೋಡಿ ತಪ್ಪದೆ ಹೊಸದು ತಂದಿಡುತ್ತಿದ್ದ. ಇದೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು. ಆಗ ನಮಗೆ ಕಂಡದ್ದು ಅವಳ ಗಲ್ಲ ಮಾತ್ರ. ಅದು ಮೆಲ್ಲಗೆ ಮತ್ತೆ ಚೂಪಾಗುತ್ತಿತ್ತು.

ಎಲ್ಲರಿಗೂ ಸಂಭ್ರಮ. ಪಕ್ಕದ ಕನ್ನಡಕದ ಅಂಗಡಿಯವನು ಗುಟ್ಟೇನು ಎಂದು ಕೇಳಿದ. ನಮ್ಮಮ್ಮ, ನಾನು ಹೇಳಿ ಹೇಳಿಯೇ ಇಳಿದಳು ಎಂದು ಬೀಗಿದಳು. ಅಣ್ಣನಂತೂ ಷೋಕೇಸಿಗೆ ಹೊಸ ಗಾಜು, ಹೊಸ ದೀಪ ಹಾಕಿಸಿ, "ಈ ಭಾನುವಾರ ನಿಂದೇ ಹೊಸ ಫೋಟೋ ತೆಗೀತೀನಿ" ಎಂದ. ಗುಬ್ಬಿ ಅಮ್ಮನ ಪಕ್ಕ ನಿಂತು ಕನ್ನಡಿ ನೋಡಿಕೊಂಡಳು.

ಆದರೆ ಅತ್ತಿಗೆ ಈಗ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಳ್ಳುತ್ತಿದ್ದಳು. ಎದ್ದವಳು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮನೆಯಿಂದ ತಂದ ಊಟದ ಡಬ್ಬಿ ಬಿಚ್ಚಿದಂತೆಯೇ ವಾಪಸ್ಸು ಹೋಗುತ್ತಿತ್ತು. ವಾಸನೆಗೇ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದಳು. ಪರದೆಯ ಹಿಂದಿನಿಂದ ಹಳೆಯ ಕೆಮ್ಮು ಒಂದೊಂದು ಸಲ ಕೇಳುತ್ತಿತ್ತು. ಏನೇ ಅದು ಎಂದರೆ, "ಡಯಟ್ಟು ಕಣೇ" ಎನ್ನುತ್ತಿದ್ದಳು. ಅವಳ ಕೈ ಮುಟ್ಟಿದರೆ ತಣ್ಣಗಿತ್ತು. ನನ್ನೊಳಗೆ ಏನೋ ಅಳುಕು, ಆದರೆ ಇಡೀ ಮನೆ ನಗುತ್ತಿರುವಾಗ ಅಪಶಕುನ ನುಡಿಯುವ ಬಾಯಿ ನನ್ನದೇ ಆಗಬೇಕೇ?

ಶುಕ್ರವಾರ ಮಧ್ಯಾಹ್ನ ಬೇಕರಿಯಮ್ಮನ ಮಗಳು ಬಂದಳು. ಬೇಕರಿಯಮ್ಮ ಎಂದರೆ ಮೂಲೆಯ ಬೇಕರಿಯ ಒಡತಿ. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಕೆಲವು ತಿಂಗಳ ಹಿಂದೆ ಅಂಗಡಿಯ ಹೊಸ ಬೋರ್ಡಿಗೆಂದು ನಮ್ಮಲ್ಲಿ ಫೋಟೋ ತೆಗೆಸಿಕೊಂಡಿದ್ದಳು. "ನನ್ನ ಅರ್ಧ ಮಾಡಿಬಿಡಮ್ಮಾ, ಉಳಿದರ್ಧ ನೀನೇ ಇಟ್ಕೋ" ಎಂದು ಅತ್ತಿಗೆಗೆ ಹೇಳಿ ನಕ್ಕಿದ್ದಳು. ಅತ್ತಿಗೆ ಕೆನ್ನೆ ಇಳಿಸಿ, ಎರಡನೆಯ ಗಲ್ಲ ಒರೆಸಿ, ಕತ್ತು ತೆಳ್ಳಗೆ ಮಾಡಿ ಕೊಟ್ಟಿದ್ದಳು. ಆ ಬೇಕರಿಯಮ್ಮ ಹಿಂದಿನ ವಾರ ಎದೆನೋವೆಂದು ಕೂತವಳು ಏಳಲೇ ಇಲ್ಲ.

ಮಗಳಿಗೆ ದೊಡ್ಡ ಫೋಟೋ ಬೇಕಿತ್ತು. ಅತ್ತಿಗೆ ಅವಳನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದಳು. ಕೌಂಟರಿನಲ್ಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಇದಲ್ಲ" ಎಂದಳು ಮಗಳು. "ತಿದ್ದೋಕೆ ಮುಂಚಿಂದು ಕೊಡಿ."

ಮೌಸಿನ ಸದ್ದು ಬಹಳ ಹೊತ್ತು ಕೇಳಿತು. ಮೂಲ ಫೋಟೋ ಬೇರೆ ಇಟ್ಟು, ಇನ್ನೊಂದು ಪ್ರತಿಯನ್ನು ತಿದ್ದುವುದು ನಮ್ಮಲ್ಲಿ ರೂಢಿ. ಆದರೆ ಬೇಕರಿಯಮ್ಮ ಬಂದದ್ದು ಅತ್ತಿಗೆಗೆ ತಲೆ ಸುತ್ತು ಶುರುವಾದ ದಿನಗಳಲ್ಲಿ. ಅವಳು ಮೂಲದ ಮೇಲೆಯೇ ತಿದ್ದಿ, ಅದನ್ನೇ ಸೇವ್ ಮಾಡಿಬಿಟ್ಟಿದ್ದಳು. ಮೆಮೊರಿ ಕಾರ್ಡು ಎಂದೋ ಖಾಲಿ ಮಾಡಿ ಆಗಿತ್ತು. ನಿಜವಾದ ಮುಖ ಎಲ್ಲೂ ಇರಲಿಲ್ಲ.

"ಇಲ್ಲಮ್ಮಾ. ಹೋಗಿದೆ. ಇರಿ, ನಾನೇ ತುಂಬಿಸಿ ನೋಡ್ತೀನಿ."

"ಇನ್ನೂ ಸ್ವಲ್ಪ... ಅಲ್ಲ, ಹಾಗಲ್ಲ. ನಕ್ಕರೆ ಕೆನ್ನೆ ಮೇಲೆ ಬಂದು ಕಣ್ಣು ಮುಚ್ಚಿ ಹೋಗ್ತಿತ್ತು. ಇಲ್ಲಿ ಒಂದು ಗುಳಿ ಬೀಳ್ತಿತ್ತು. ಅಲ್ಲಲ್ಲ, ಇವರು ಬೇರೆ ಯಾರೋ."

"ಬೇರೆ ಯಾವುದಾದ್ರೂ ಫೋಟೋ ಇದ್ರೆ ತನ್ನಿ..."

"ಇಲ್ವೇ ಇಲ್ಲ. ದಪ್ಪ ಕಾಣ್ತೀನಿ ಅಂತ ಅಮ್ಮ ಎಲ್ಲದ್ರಲ್ಲೂ ಯಾರದೋ ಹಿಂದೆ ನಿಂತಿರ್ತಾಳೆ. ಎದುರಿಗೆ ಕೂತಿದ್ದು ಇದೊಂದ್ರಲ್ಲೇ." ಆ ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಪರ್ವಾಗಿಲ್ಲ ಬಿಡಿ. ಅವಳೇ ಕೇಳಿರ್ತಾಳೆ ಅಲ್ವಾ, ತೆಳ್ಳಗೆ ಮಾಡಿ ಅಂತ."

ಅವಳು ಹೊರಗೆ ಬಂದು, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು.

ಒಳಗೆ ಡ್ರಾಯರು ಎಳೆದದ್ದು ಕೇಳಿತು. ಆಮೇಲೆ ಸ್ಟೂಲು ಉರುಳಿದ ಸದ್ದು. ಏನಾಯಿತೇ ಎಂದು ನಾನು ತಿರುಗಿದರೆ, ನೀಲಿ ಪರದೆಯ ಅಡಿಯಿಂದ ಬಿಳಿ ಮಾತ್ರೆಗಳು ಒಂದರ ಹಿಂದೆ ಒಂದು ಹೊರಗೆ ಉರುಳಿ ಬರುತ್ತಿದ್ದವು. ಎಷ್ಟೊಂದು! ಕೌಂಟರಿನ ಕಾಲಿಗೆ ಬಡಿದು ನಿಂತವು, ನನ್ನ ಚಪ್ಪಲಿಯ ಹತ್ತಿರ ಬಂದು ಮಲಗಿದವು. ಅವು ಯಾವ ಮಾತ್ರೆ ಎಂದು ನನಗೆ ಗೊತ್ತಿತ್ತು.

ಅತ್ತಿಗೆ ಕನ್ನಡಿಯ ಕೆಳಗೆ ಬಿದ್ದಿದ್ದಳು. ಒಂದು ಕೈಯಲ್ಲಿ ಕರಿ ಡಬ್ಬಿ. ಇನ್ನೊಂದು ಮುಷ್ಟಿ ಬಿಡಿಸಿದರೆ ಒಳಗೆ ಒಂದು ಮಾತ್ರೆ, ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು. ಅದನ್ನು ನುಂಗಲೆಂದೇ ಎದ್ದಿದ್ದಳು. ಮುಖ ಬಿಳಿಚಿಕೊಂಡು, ಕೆನ್ನೆ ಒಳಗೆ ಹೋಗಿ, ಥೇಟ್ ಷೋಕೇಸಿನ ಫೋಟೋದಂತೆ ಕಾಣುತ್ತಿದ್ದಳು. ನನಗೆ ಅಷ್ಟು ಭಯ ಹುಟ್ಟಿಸಿದ ಮುಖ ಇನ್ನೊಂದಿಲ್ಲ.

ಕನ್ನಡಕದ ಅಂಗಡಿಯವನೂ ನಾನೂ ಎತ್ತಿ ಆಟೋಗೆ ಹಾಕಿದೆವು. ಆಸ್ಪತ್ರೆಯಲ್ಲಿ ಬಿ.ಪಿ. ಸಿಗುತ್ತಲೇ ಇಲ್ಲ ಎಂದು ನರ್ಸು ಕೂಗಿದ್ದು ಕೇಳಿ, ಮದುವೆ ಫೋಟೋ ತೆಗೆಯಲು ಹೋಗಿದ್ದ ಅಣ್ಣನಿಗೆ ನಾನು ಫೋನು ಮಾಡಿದೆ. ಡಾಕ್ಟರಮ್ಮ ಆಮೇಲೆ ಹೊರಗೆ ಬಂದು ಅಣ್ಣನ ಮೇಲೆ ಹರಿಹಾಯ್ದರು: "ಹೊರಗಿಂದ ಮಾತ್ರೆ ಸಿಗ್ತಾ ಇದ್ರೆ, ಅದೇ ಥರದ ಸ್ಟಿರಾಯ್ಡ್ ತಾನೇ ಮಾಡ್ಕೊಳ್ಳೋದನ್ನ ಮೈ ಮರ್ತುಬಿಟ್ಟಿರುತ್ತೆ. ಹೀಗೆ ನಿಲ್ಲಿಸಿದ್ರೆ ಅದೂ ಇಲ್ಲ, ಇದೂ ಇಲ್ಲ. ಇಷ್ಟು ಇಳಿದುಹೋಗಿದಾರೆ, ಮನೇಲಿ ಯಾರಿಗೂ ಕಾಣ್ಲಿಲ್ವಾ?"

ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು. ನಮ್ಮಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಗುಬ್ಬಿ ಯಾರ ಹತ್ತಿರವೂ ಬರದೆ, ದೂರದ ಬೆಂಚಿನಲ್ಲಿ ಶಾಲೆಯ ಬ್ಯಾಗು ತಬ್ಬಿಕೊಂಡು ಕೂತಿದ್ದಳು.

ಅತ್ತಿಗೆ ಉಳಿದಳು. ಮನೆಗೆ ಬಂದ ಮೇಲೆ ಅಣ್ಣ ಎದುರಿಗೇ ನಿಂತು ಮಾತ್ರೆ ನುಂಗಿಸುತ್ತಿದ್ದ, ಬಾಯಿ ತೆರೆಸಿ ನೋಡುತ್ತಿದ್ದ. ಷೋಕೇಸಿನ ಹೊಸ ಫೋಟೋದ ಮಾತು ಅವನು ಎತ್ತಲಿಲ್ಲ. ಎತ್ತಿದವಳು ಅವಳೇ. "ತೆಗೀರಿ. ಆದ್ರೆ ಈಗ ಬೇಡ. ಕೆನ್ನೆ ಬರ್ಲಿ, ಆಮೇಲೆ."

ಕೆನ್ನೆ ಬಂತು. ಮುಖ ಮತ್ತೆ ದುಂಡಗಾಯಿತು, ಕತ್ತಿನ ಹಿಂದಿನ ಗಡ್ಡೆಯೂ ಬಂತು. ಉಸಿರು ಮಾತ್ರ ಮೊದಲಿನಷ್ಟು ಬರಲಿಲ್ಲ. ಅಂಗಡಿಯ ಮೆಟ್ಟಿಲನ್ನು ಈಗ ನಿಂತು ನಿಂತು ಹತ್ತುತ್ತಾಳೆ. ಶ್ವಾಸಕೋಶದಲ್ಲಿ ಒಂದಷ್ಟು ಭಾಗ ಹಾಳಾಗಿದೆ, ಅದು ವಾಪಸ್ಸು ಬರುವುದಿಲ್ಲ ಎಂದಿದ್ದಾರೆ. ಇನ್ನೆಷ್ಟು ಕಾಲ ಎಂದು ಅಣ್ಣ ಕೇಳಿದ್ದಕ್ಕೆ ಡಾಕ್ಟರಮ್ಮ, "ಮಾತ್ರೆ ಮಾತ್ರ ತಪ್ಪಿಸ್ಬೇಡಿ" ಎಂದಷ್ಟೇ ಹೇಳಿದರು.

ಒಂದು ಭಾನುವಾರ ಅವಳು ಹೊಸ ರವಿಕೆ ತೊಟ್ಟು ಸ್ಟೂಲಿನ ಮೇಲೆ ಕೂತಳು. ಗಲ್ಲಕ್ಕೆ ಕೈ ಕೊಡಲಿಲ್ಲ, ಎರಡೂ ಕೈ ತೊಡೆಯ ಮೇಲಿದ್ದವು. ಗುಬ್ಬಿ ಅಮ್ಮನ ಮುಂಗೂದಲು ಸರಿಮಾಡಿ ಪಕ್ಕಕ್ಕೆ ಸರಿದಳು. ಅಣ್ಣ ತೆಗೆದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾ, ಪಾಪ, ಅಭ್ಯಾಸಬಲ, ಅವನ ಕೈ ತಾನಾಗಿ ಮೌಸನ್ನು ಗಲ್ಲದ ಕೆಳಕ್ಕೆ ಒಯ್ದಿತು.

"ರೀ, ಮುಟ್ಟಬೇಡಿ" ಎಂದಳು ಅತ್ತಿಗೆ ಸ್ಟೂಲಿನಿಂದಲೇ. ಉಸಿರು ತೆಗೆದುಕೊಳ್ಳಲು ನಿಂತು, ಮತ್ತೆ ಹೇಳಿದಳು. "ನಾಳೆ ಗುಬ್ಬಿ ಹುಡುಕ್ಕೊಂಡು ಬಂದ್ರೆ, ಅವಳಿಗೆ ನಾನು ಸಿಗ್ಬೇಕು."

ಅಣ್ಣ ಮೌಸಿನಿಂದ ಕೈ ತೆಗೆದ. ಗುಬ್ಬಿ ಹೋಗಿ ಪ್ರಿಂಟರಿಗೆ ಹಾಳೆ ಹಾಕಿದಳು.