ಬೆಣ್ಣೆಗೆ ಬಿದ್ದ ಬಿಸಿನೀರು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನನಗೆ ಕಾಯುವುದೆಂದರೆ ಆಗುತ್ತಲೇ ಇರಲಿಲ್ಲ. ಈಗಲೂ ಆಗುವುದಿಲ್ಲ ಎಂದು ನಿಮ್ಮ ತಾತ ಹೇಳುತ್ತಾರೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಅದು ಸಕಲೇಶಪುರದ ಕಡೆಯ ನಮ್ಮೂರು ವನಗೂರಿನ ಕೊರೆಯುವ ಚಳಿಗಾಲ. ಅಮ್ಮ ತಮ್ಮನನ್ನು ಹೆತ್ತು ಹತ್ತು ದಿನವಾಗಿತ್ತು. ಬಾಣಂತಿಯ ಅನ್ನಕ್ಕೆ ಹಾಕುವ ತುಪ್ಪ ಹಿಂದಿನ ದಿನವೇ ಮುಗಿದಿತ್ತು. ಬೆಳಗಿನ ಜಾವವೇ ಅಕ್ಕ ವಾರವೆಲ್ಲ ಕೂಡಿಟ್ಟಿದ್ದ ಕೆನೆಮೊಸರನ್ನು ಗಡಿಗೆಗೆ ಸುರಿದು ಕಡೆಯತೊಡಗಿದಳು. ಚಳಿಗೆ ಬೆಣ್ಣೆ ಕೂಡಿಕೊಳ್ಳಲೇ ಇಲ್ಲ. ಅಂಥ ದಿನ ಒಂದಿಷ್ಟು ಉಗುರುಬೆಚ್ಚಗಿನ ನೀರು ಹಾಕುವುದು ನಮ್ಮಲ್ಲಿ ರೂಢಿ. ಅಷ್ಟರಲ್ಲಿ ತಮ್ಮ ಅತ್ತ. ಅಕ್ಕ ಕಡೆಗೋಲಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು ಒಳಗೆ ಓಡಿದಳು.

ಹತ್ತು ಸಲ ಎಳೆಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಬಚ್ಚಲ ಹಂಡೆಯಿಂದ ಒಂದು ಚೊಂಬು ಕುದಿಯುವ ನೀರು ತಂದು ಸುರಿದೇಬಿಟ್ಟೆ. ನೊರೆ ಇಳಿದು, ಮೇಲೆ ಹಳದಿ ಎಣ್ಣೆಯ ಹನಿಗಳು ತೇಲಿದವು. ಬೆಣ್ಣೆಯ ಸುಳಿವೇ ಇಲ್ಲ.

"ಅಯ್ಯೋ, ಎಲ್ಲ ನೀರು ಮಾಡ್ಬುಟ್ಟಲ್ಲೇ! ಅಮ್ಮಂಗೆ ಏನ್ ಹಾಕ್ಲಿ ಈಗ?" ಎಂದಳು ವಾಪಸು ಬಂದ ಅಕ್ಕ. ಅಮ್ಮನ ತುತ್ತಿನ ತುಪ್ಪವನ್ನು ನಾನೇ ಹಾಳು ಮಾಡಿದೆನಲ್ಲ ಎಂದು ನನಗೆ ಅಳು ಒತ್ತರಿಸಿ ಬಂತು.

ಕಾಫಿ ಕಣದಿಂದ ಬಂದ ಅಪ್ಪ ಗಡಿಗೆಯೊಳಗೆ ಇಣುಕಿ ನಕ್ಕರು. "ಅಳ್ಬ್ಯಾಡ ಕಣೆ. ಜಿಡ್ಡು ಎಲ್ಲಿಗ್ ಹೋಯ್ತದೆ? ಅದು ನೀರಿಗೆ ಸೇರಾಕಿಲ್ಲ, ಮ್ಯಾಲೇ ಐತೆ. ತಣ್ಣಗಾಗ್ಲಿ, ತಡಿ."

ಗಡಿಗೆಯನ್ನು ಅವರು ಮನೆ ಹಿಂದಿನ ಹಳ್ಳದ ನೀರಿನಲ್ಲಿ ಇಟ್ಟರು. ಮಂಜುಗಡ್ಡೆಯಂಥ ನೀರು! ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಜೀವಮಾನದಲ್ಲಿ ಮೊದಲ ಸಲ ಕಾದೆ. ಬಿಸಿಲು ಕಾಫಿ ಗಿಡಗಳ ಮೇಲೆ ಬರುವ ಹೊತ್ತಿಗೆ ಹನಿಗಳು ಒಂದಕ್ಕೊಂದು ಅಂಟಿ ಹಳದಿ ಹೆಪ್ಪಾಗಿದ್ದವು. ಅಕ್ಕ ಅದನ್ನು ಬಳಿದು ಕಾಯಿಸಿದಳು. ಮನೆಯೆಲ್ಲ ಘಮಘಮ. ಮಧ್ಯಾಹ್ನ ಅಮ್ಮನ ಬಿಸಿ ಅನ್ನದ ಮೇಲೆ ತುಪ್ಪ ಬಿದ್ದಾಗ ನನಗೆ ಹೋದ ಜೀವ ಬಂದಂತಾಯಿತು. ತಪ್ಪು ಮಾಡಿದ್ದರೂ ಪಾತ್ರೆಯ ತಳದ ಗಸಿ ಬೆಲ್ಲದ ಜೊತೆ ನನಗೇ ಸಿಕ್ಕಿತು.

ನಿಮ್ಮ ಕಾಲದಲ್ಲಿ ಬೆಣ್ಣೆ ಕಾಗದ ಸುತ್ತಿಕೊಂಡು ಫ್ರಿಜ್ಜಿನಲ್ಲಿ ಕೂತಿರುತ್ತದೆ. ಪೊಟ್ಟಣದ ಹಿಂದೆ 'ಫ್ಯಾಟ್' ಎಂದು ಓದಿ ನೀವು ಮುಖ ಸಿಂಡರಿಸುತ್ತೀರಿ. ಅತಿಯಾಗಬಾರದು, ನಿಜ. ಆದರೆ ನಿಮ್ಮ ವಿಜ್ಞಾನದ ಪುಸ್ತಕದಿಂದ ನಾನೂ ಕಲಿತಿದ್ದೇನೆ. ಅಪ್ಪ ಹೇಳಿದ ಆ ಜಿಡ್ಡು ಪುಸ್ತಕದಲ್ಲಿ ಬರುವ ಲಿಪಿಡ್‌ಗಳ, ಅಂದರೆ ನೀರಿನಲ್ಲಿ ಕರಗದ ಕೊಬ್ಬಿನಂಥ ವಸ್ತುಗಳ, ಬಳಗದ್ದೇ. ಅದು ದೇಹ ಕೂಡಿಟ್ಟುಕೊಂಡ ಶಕ್ತಿ, ಮೈಯನ್ನು ಬೆಚ್ಚಗಿಡುತ್ತದೆ. ನಮ್ಮ ಒಂದೊಂದು ಜೀವಕೋಶದ ಸುತ್ತಲೂ ಅಂಥದೇ ಜಿಡ್ಡಿನ ತೆಳು ಪೊರೆ ಇದೆಯಂತೆ. ಜಿಡ್ಡು ನೀರಿನಲ್ಲಿ ಕರಗುವಂತಿದ್ದರೆ ಅಮ್ಮನಿಗೆ ಅಂದು ತುಪ್ಪ ಸಿಗುತ್ತಿರಲಿಲ್ಲ. ಅಷ್ಟೇ ಅಲ್ಲ, ಸಕಲೇಶಪುರದ ಮೊದಲ ಮಳೆಗೇ ನಾವೆಲ್ಲ ಕರಗಿ ಹೇಮಾವತಿ ಸೇರುತ್ತಿದ್ದೆವು!