ರತ್ನಮ್ಮನಿಗೆ ಬರೀ ಕೆಂಪು

ಅವತ್ತು ಅಂಗಡಿಗೆ ಬಂದ ಅಜ್ಜಿಯ ಕೈಯಲ್ಲಿ ಛತ್ರಿ ಇತ್ತೋ, ನೆನಪಿನಲ್ಲಿ ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ಶ್ರೀನಿವಾಸಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಸಿಬ್ಬಂದಿಯ ಕೆಲಸ ಅಳೆಯಲು ಪ್ರತಿ ಕೌಂಟರಿನಲ್ಲೂ ಎರಡು ಗುಂಡಿ ಇಡಿಸಿದ್ದೆ: ಗಿರಾಕಿಗೆ ಮೆಚ್ಚುಗೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಸೀರೆ ಕೌಂಟರಿನ ರತ್ನಮ್ಮನಿಗೆ ತಿಂಗಳಿಡೀ ಕೆಂಪೇ. ಅವಳನ್ನು ಕೆಲಸದಿಂದ ತೆಗೆಯುವ ಪತ್ರ ನನ್ನ ಜೇಬಿನಲ್ಲಿತ್ತು.

ನಮ್ಮ ಬಹುಪಾಲು ಗಿರಾಕಿಗಳಂತೆ ಟೊಮೆಟೊ ಬೆಳೆಯುವ, ರಾಯಲ್ಪಾಡಿನ ಆ ಅಜ್ಜಿ ಸೀರೆ ಕೊಂಡು, ರತ್ನಮ್ಮನ ಕೆನ್ನೆ ಸವರಿ, ಕೆಂಪು ಗುಂಡಿಯನ್ನೇ ಒತ್ತಿದರು.

"ಯಾಕಜ್ಜಿ, ಏನ್ ತಪ್ಪು ಮಾಡಿದ್ಲು?" ಎಂದೆ.

"ತಪ್ಪಾ? ಬಂಗಾರು ತಲ್ಲಿ ಕಣಪ್ಪಾ ಇವ್ಳು, ಬಂಗಾರದಂಥಾ ತಾಯಿ! ಹಸಿರು ಒತ್ತೋಕೆ ಇವಳೇನ್ ಕಾಯಾ? ಹಣ್ಣಾದ್ರೆ ತಾನೇ ಕೆಂಪಗಾಗೋದು!"

ರತ್ನಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಪತ್ರ ಹರಿದೆ.

ಆದರೆ ಹಸಿರು ಹೆಚ್ಚು ಬಂತೆಂದು ಹಿಂದಿನ ತಿಂಗಳು ನಾನೇ ಹಾರ ಹಾಕಿ ಬಹುಮಾನ ಕೊಟ್ಟ ಗೋಪಾಲ ಒಳ್ಳೆಯ ಕೆಲಸಗಾರನೋ, ಬರೀ ಕಾಯೋ, ಇಂದಿಗೂ ನನಗೆ ಗೊತ್ತಿಲ್ಲ.